ಜಪಾನಿ ಕಿರುಗವಿತೆಯಲ್ಲಿ ನಗೆ

ಹೈಕು ಎಂದೊಡನೆಯೇ ನಮ್ಮಲ್ಲಿ ಅನೇಕರು ಮುಖವನ್ನು ಗಂಭೀರ ಮಾಡಿಕೊಳ್ಳುವುದುಂಟು. ಹದಿನೇಳು ಮಾತ್ರೆಗಳ ಆ ಕಿರುಗವಿತೆಯಲ್ಲಿ ಧ್ಯಾನವನ್ನೂ ವೈರಾಗ್ಯವನ್ನೂ ಬೌದ್ಧರ ಶೂನ್ಯವನ್ನೂ ಅರಸುವುದು ವಾಡಿಕೆಯಾಗಿದೆ. ತರಗತಿಯಲ್ಲಿ ಪಾಠ ಹೇಳುವ ನಾವೂ ಈ ದೋಷಕ್ಕೆ ಹೊರತಲ್ಲ. ಆದರೆ ಈ ಕಾವ್ಯದ ವಂಶಾವಳಿಯನ್ನು ವಿಚಾರಿಸಿದರೆ ಅದರ ಹೆಸರಿನಲ್ಲಿಯೇ ನಗೆಯ ಬೀಜವಿರುವುದು ಗೊತ್ತಾಗುತ್ತದೆ. ಅದು ಹುಟ್ಟಿದ್ದು ‘ಹೈಕೈ’ ಎಂಬ ಮನೆತನದಲ್ಲಿ. ಹೈಕೈ ಎಂದರೆ ವಿನೋದ, ಪರಿಹಾಸ. ಸುಮಾರು 905ರಲ್ಲಿ ರಾಜಾಜ್ಞೆಯಿಂದ ಸಂಕಲಿತವಾದ ‘ಕೊಕಿನ್‌ಶು’ ಎಂಬ ಪದ್ಯಸಂಗ್ರಹದಲ್ಲಿಯೇ ಆ ಹೆಸರಿನದೊಂದು ವಿಭಾಗವುಂಟು.

ಈ ನಗೆ ಬೆಳೆದದ್ದು ಒಬ್ಬಂಟಿಯಾದ ಕವಿಯ ಏಕಾಂತದಲ್ಲಲ್ಲ, ಗೋಷ್ಠಿಯಲ್ಲಿ. ಜಪಾನಿನಲ್ಲಿ ‘ರೆಂಗ’ ಎಂಬ ಸರಪಳಿ ಪದ್ಯದ ಸಂಪ್ರದಾಯವಿದೆ. ಒಬ್ಬನು ಐದು, ಏಳು, ಐದು ಮಾತ್ರೆಗಳ ಮೂರು ಪಾದಗಳನ್ನು ಹೇಳುತ್ತಾನೆ. ಇನ್ನೊಬ್ಬನು ಏಳೇಳು ಮಾತ್ರೆಗಳ ಎರಡು ಪಾದಗಳನ್ನು ಜೋಡಿಸುತ್ತಾನೆ. ಮತ್ತೆ ಮೂರು, ಮತ್ತೆ ಎರಡು, ಹೀಗೆ ನೂರು ಪದ್ಯಗಳವರೆಗೆ. 1488ರಲ್ಲಿ ಸೋಗಿ ಎಂಬ ಕವಿಯೂ ಅವನ ಶಿಷ್ಯರಾದ ಶೋಹಾಕು, ಸೋಚೋ ಇಬ್ಬರೂ ಕೂಡಿ ರಚಿಸಿದ ಮಿನಾಸೆಯ ನೂರು ಪದ್ಯಗಳು ಇದರ ಗಂಭೀರ ಮಾದರಿ. ಅಲ್ಲಿ ಗ್ರಾಮ್ಯಪದಕ್ಕೆ ಪ್ರವೇಶವಿಲ್ಲ. ಗೋಷ್ಠಿ ಮುಗಿದ ಮೇಲೆ ದಣಿವಾರಿಸಿಕೊಳ್ಳಲು ಆಡುತ್ತಿದ್ದ ವಿನೋದದ ಸರಪಳಿಯೇ ಹೈಕೈ. ಬಹುಕಾಲ ಅದನ್ನು ಯಾರೂ ಬರೆದಿಡುತ್ತಿರಲಿಲ್ಲ.

ಸರಪಳಿಯ ಮುಖ್ಯ ನಿಯಮವೊಂದನ್ನು ತಿಳಿದರೆ ಅಲ್ಲಿ ನಗೆ ಹೇಗೆ ಹುಟ್ಟುತ್ತದೆಂಬುದು ವಿಶದವಾಗುತ್ತದೆ. ಪ್ರತಿಯೊಂದು ಪದ್ಯವೂ ತನ್ನ ಹಿಂದಿನದಕ್ಕೆ ಹೊಂದಬೇಕು. ಅದರ ಹಿಂದಿನದನ್ನು ಮಾತ್ರ ಸಂಪೂರ್ಣವಾಗಿ ಬಿಟ್ಟುಬಿಡಬೇಕು. ನಾವೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಂಜಾನೆ ಬಾಗಿಲ ಬಳಿ ಹೆಂಗಸೊಬ್ಬಳು ಕಣ್ಣೀರನ್ನು ತೋಳಂಗಿಯಲ್ಲಿ ಒರಸಿಕೊಳ್ಳುತ್ತಿದ್ದಾಳೆಂದು ಒಬ್ಬನು ಹೇಳಿದನೆನ್ನಿ. ನೆನೆದ ತೋಳಂಗಿ ಜಪಾನಿನ ಶೃಂಗಾರಕಾವ್ಯದ ಹಳೆಯ ಸರಕು. ಪ್ರಿಯನು ಅಗಲಿಹೋದನೆಂದು ಎಲ್ಲರೂ ಮರುಗುತ್ತಾರೆ. ಎರಡನೆಯವನು ಸೇರಿಸುತ್ತಾನೆ: ಒಲೆಯಲ್ಲಿ ಹಸಿ ಸೌದೆ, ಮನೆಯೆಲ್ಲ ಹೊಗೆ. ವಿರಹಿಣಿ ಅಡುಗೆಯವಳಾದಳು! ಮೂರನೆಯವನು ಆಕೆಯನ್ನೂ ಅವಳ ಕಣ್ಣೀರನ್ನೂ ಮರೆತು ಹೊಗೆಯನ್ನು ಮಾತ್ರ ಹಿಡಿದು ಹೊರಡಬೇಕು. ಮಳೆಗೆ ಸಿಕ್ಕಿ ಬೆಟ್ಟದ ಗುಡಿಸಲಿನಲ್ಲಿ ಹುಲ್ಲಿನ ಪಾದರಕ್ಷೆಗಳನ್ನು ಒಣಗಿಸುವ ದಾರಿಗನನ್ನು ಆತ ತರಬಹುದು. ಶೃಂಗಾರದಿಂದ ಹಾಸ್ಯ ಜನಿಸುತ್ತದೆಂಬ ಭರತಮುನಿಯ ಮಾತು ಇಲ್ಲಿ ನೆನಪಾಗದಿರದು. ನಮ್ಮ ಸಮಸ್ಯಾಪೂರಣವೂ ಇದಕ್ಕೆ ನೆಂಟನೇ. ಆದರೆ ನಮ್ಮಲ್ಲಿ ಪೂರಣವಾದೊಡನೆ ಆಟ ಮುಗಿಯುತ್ತದೆ. ಅಲ್ಲಿ ಪೂರಣವೇ ಮುಂದಿನವನಿಗೆ ಸಮಸ್ಯೆ. ತಾನು ಹೇಳಿದ ಪದ್ಯದ ಅರ್ಥ ತನ್ನ ಕೈಯಲ್ಲಿ ಉಳಿಯದೆಂಬುದನ್ನು ಪ್ರತಿಯೊಬ್ಬನೂ ನಗುತ್ತ ಒಪ್ಪಿಕೊಂಡಿರಬೇಕು.

ಹದಿನಾರನೆಯ ಶತಮಾನದಲ್ಲಿ ಸೋಕನ್ ಎಂಬಾತನ ಹೆಸರಿನಲ್ಲಿ ಬಂದ ಹೈಕೈ ಸಂಗ್ರಹಕ್ಕೆ ‘ನಾಯಿ ತ್ಸುಕುಬಾ’ ಎಂದೇ ಹೆಸರು. ‘ತ್ಸುಕುಬಾ’ ಎಂಬುದು ಗಂಭೀರ ರೆಂಗಗಳ ಮಾನ್ಯ ಸಂಗ್ರಹ. ಈ ನಾಯಿಯ ಕೆಲವು ಪದ್ಯಗಳನ್ನು ರೇಡಿಯೋದಲ್ಲಿ ಹೇಳುವಂತಿಲ್ಲ. ಅನಂತರ ತೇಯಿತೋಕು ಎಂಬ ಪಂಡಿತನು ನಿಷಿದ್ಧವಾಗಿದ್ದ ಆಡುಮಾತುಗಳಿಗೆ ಪದ್ಯದಲ್ಲಿ ನಿಯತವಾದ ಸ್ಥಾನ ಕೊಟ್ಟನು. ವೇಗದ ಹುಚ್ಚೂ ಬಂದಿತು: 1684ರಲ್ಲಿ ಸಾಯಿಕಾಕು ಎಂಬಾತನು ಸುಮಿಯೋಶಿ ದೇವಾಲಯದಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ 23,500 ಪದ್ಯಗಳನ್ನು ಹೇಳಿದನಂತೆ. ಲೆಕ್ಕ ಹಾಕಿದರೆ ಪದ್ಯವೊಂದಕ್ಕೆ ನಾಲ್ಕು ಸೆಕೆಂಡೂ ಆಗದು. ಕಾವ್ಯವೆಷ್ಟಿತ್ತೋ, ಕೇಳಿದವರೇ ಬಲ್ಲರು.

ಬಾಶೋ (1644–1694) ಈ ಮನೆಗೆ ಬಂದು ನಗೆಯನ್ನು ಹೊರಗೆ ಹಾಕಿದನೆಂದು ತಿಳಿಯುವುದು ಸರಿಯಲ್ಲ. 1686ರ ಅವನ ಪ್ರಸಿದ್ಧವಾದ ಕಪ್ಪೆಯನ್ನೇ ನೋಡಿ. ರಾಜಾಸ್ಥಾನದ ಕಾವ್ಯದಲ್ಲಿ ಕಪ್ಪೆ ಎಂದರೆ ಹಾಡಬೇಕು. ಶತಮಾನಗಳಿಂದ ಅದು ಇಂಪಾಗಿ ಹಾಡುತ್ತಲೇ ಇತ್ತು. ಬಾಶೋವಿನ ಕಪ್ಪೆ ಹಾಡುವುದಿಲ್ಲ, ಹಾರುತ್ತದೆ. ಅಂದಿನ ರಸಿಕರ ತುಟಿಯಲ್ಲಿ ಕಿರುನಗೆಯೊಂದು ಮೂಡಿದ್ದಿರಬೇಕು. ಮೌನ ಬಂದದ್ದು ಅದರ ಬೆನ್ನಿಗೆ. ಶ್ಲೇಷೆಯಿಂದಲೂ ಅಣಕದಿಂದಲೂ ನಗೆಯನ್ನು ಬಿಡಿಸಿ ‘ಕರುಮಿ’, ಎಂದರೆ ಲಘುತೆ, ಎಂಬುದಕ್ಕೆ ಏರಿಸಿದ್ದು ಅವನ ಕೊನೆಯ ವರ್ಷಗಳ ಸಾಧನೆ.

ಹಾಗಾದರೆ ನಮಗೆ ಆ ನಗೆ ಏಕೆ ಕೇಳಿಸುವುದಿಲ್ಲ? ಸರಪಳಿಯ ಮೊದಲ ಪದ್ಯ ಮುಖ್ಯ ಅತಿಥಿಯದು. ಋತುವನ್ನು ಸೂಚಿಸಿ ಆತಿಥೇಯನನ್ನು ವಂದಿಸುವ ಮರ್ಯಾದೆಯ ಪದ್ಯ. ಅದನ್ನು ತಿರುಗಿಸಿ ಮುರುಗಿಸುವ ವಿನೋದವೆಲ್ಲ ಮುಂದಿನ ಪದ್ಯಗಳದ್ದು. ಕಾಲಕ್ರಮದಲ್ಲಿ ಮನೆ ಪಾಲಾಯಿತು. ಪದ್ಯ ಜೋಡಿಸುವ ಸ್ಪರ್ಧೆಗಳ ತೀರ್ಪುಗಾರನಾಗಿದ್ದ ಸೆನ್‌ರ್ಯುವಿನ ಆಯ್ಕೆಗಳು 1765ರಿಂದ ಅಚ್ಚಾಗತೊಡಗಿ, ಜನರ ಗುಟ್ಟನ್ನು ನೋಡಿ ನಗುವ ಕಿರುಪದ್ಯಕ್ಕೆ ಅವನ ಹೆಸರೇ ನಿಂತಿತು. ಋತು ಒಬ್ಬರ ಪಾಲಿಗೆ, ನಗೆ ಮತ್ತೊಬ್ಬರ ಪಾಲಿಗೆ! ಈ ಪಾಲುಪಟ್ಟಿಯನ್ನು ಇಸ್ಸಾ (1763–1827) ಲೆಕ್ಕಿಸಲಿಲ್ಲ. ಮೊದಲ ಹೆಂಡತಿಯಲ್ಲಿ ಹುಟ್ಟಿದ ನಾಲ್ಕು ಮಕ್ಕಳನ್ನೂ ಆತ ಕಳೆದುಕೊಂಡನು. 1819ರಲ್ಲಿ ಮಗಳು ಸಿಡುಬಿನಿಂದ ತೀರಿದಳು. ಆದರೂ ನೊಣ, ಚಿಗಟ, ಗುಬ್ಬಚ್ಚಿಗಳೊಡನೆ ನೆರೆಹೊರೆಯವನಂತೆ ಹರಟುವ ಅವನ ಪದ್ಯಗಳು ನಿಲ್ಲಲಿಲ್ಲ. ಅವುಗಳನ್ನು ಮಕ್ಕಳ ಪದ್ಯಗಳೆಂದು ಬದಿಗಿಡುವವರಿಗೆ ಈ ಸಂಗತಿ ತಿಳಿದಿರಬೇಕು.

1890ರ ದಶಕದಲ್ಲಿ ಶಿಕಿ ಎಂಬ ವಿಮರ್ಶಕನು, ಸರಪಳಿ ಪದ್ಯ ಸಾಹಿತ್ಯವೇ ಅಲ್ಲವೆಂದು ತಳ್ಳಿಹಾಕಿ ಮೊದಲ ಪದ್ಯವನ್ನು ಮಾತ್ರ ಉಳಿಸಿಕೊಂಡನು. ‘ಹೈಕು’ ಎಂಬ ಹೆಸರು ನೆಲೆನಿಂತದ್ದು ಅವನಿಂದ. ನಾವು ಓದುವ ಹೈಕು ಹೀಗೆ ಮುಂದಿನ ಪದ್ಯಗಳನ್ನು ಕಳೆದುಕೊಂಡದ್ದು. ಅತಿಥಿಯ ವಂದನೆ ಉಳಿದು ಗೋಷ್ಠಿಯ ನಗೆ ಅಳಿಯಿತು. ಆದರೆ ಆ ಶಿಕಿಯೇ, ಬೆನ್ನುಮೂಳೆಯ ಕ್ಷಯದಿಂದ ಹಾಸಿಗೆ ಹಿಡಿದಿದ್ದರೂ, ತನ್ನನ್ನು ಕಾಕಿ ಹಣ್ಣಿನ ಹೊಟ್ಟೆಬಾಕನೆಂದು ಹಾಸ್ಯಮಾಡಿಕೊಂಡು ಪದ್ಯ ಬರೆದನು.