ಬೋಳುಗುಡ್ಡವೆಂಬ ಹುರುಳಿಯ ತವರು

ಬಳ್ಳಾರಿ ಸೀಮೆಯಲ್ಲಿ ಗಣಿ ಎಂದೊಡನೆ ಎಲ್ಲರ ಕಣ್ಣು ಸಂಡೂರಿನತ್ತ ಹೊರಳುತ್ತದೆ. ಕಬ್ಬಿಣದ ಅದಿರಿನ ಗದ್ದಲ 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧದವರೆಗೂ ಮುಟ್ಟಿತು. ಜಲ್ಲಿಗಾಗಿ, ಕಟ್ಟಡದ ಕಲ್ಲಿಗಾಗಿ ಒಡೆಯುವ ಗ್ರಾನೈಟ್ ಗುಡ್ಡಗಳ ಬಗ್ಗೆ ಮಾತ್ರ ಅಷ್ಟು ಮಾತಿಲ್ಲ.

ನಗರದಿಂದ ಸಿರುಗುಪ್ಪದ ಕಡೆ ಹೊರಡಿ. ದಾರಿಯುದ್ದಕ್ಕೂ ಎರೆಹೊಲ, ತುಂಗಭದ್ರೆಯ ಕಾಲುವೆ ನೀರು ಮುಟ್ಟಿದಲ್ಲೆಲ್ಲ ಭತ್ತದ ಗದ್ದೆ. ಉತ್ತ ನೆಲದಲ್ಲಿ ಕಾಡುಗಿಡಕ್ಕೆಲ್ಲಿಯ ಜಾಗ? ಅವುಗಳಿಗೆ ಉಳಿದಿರುವ ಆಸರೆ ನೇಗಿಲು ಹತ್ತದ ಬಂಡೆಗುಡ್ಡಗಳು. ಸಂಗನಕಲ್ಲು, ಕುರುಗೋಡು, ತೆಕ್ಕಲಕೋಟೆಗಳಲ್ಲಿ ಇವು ಬಯಲಿನ ನಡುವೆ ದ್ವೀಪಗಳಂತೆ ನಿಂತಿವೆ.

ಬೇಸಿಗೆಯಲ್ಲಿ ಕಂಡವರು ಇದನ್ನು ಬೋಳುಗುಡ್ಡ ಎನ್ನುತ್ತಾರೆ. ಹತ್ತಿರ ಹೋಗಿ ನೋಡಬೇಕು. ಬಂಡೆಯ ಮೇಲೆ ಬಿದ್ದ ಮಳೆ ಜಾರಿ ಬಂದು ಬುಡದಲ್ಲಿ ಇಂಗುತ್ತದೆ. ಹಾಗಾಗಿ ಬಯಲಿನಲ್ಲಿ ಇಲ್ಲದ ತೇವ ಅಲ್ಲಿರುತ್ತದೆ. ಸಂದುಗಳಲ್ಲಿ ತಲೆಮಾರುಗಟ್ಟಲೆ ಕೂಡಿಕೊಂಡ ಬೊಗಸೆ ಮಣ್ಣಿನಲ್ಲೇ ಕಾರೆ, ಕವಳೆ, ಬಂದರಿಕೆ ಬೇರು ಬಿಡುತ್ತವೆ. ಹಿಂದೆ ಚರ್ಮ ಹದ ಮಾಡಲು ತೊಗಟೆ ಕೊಡುತ್ತಿದ್ದ ತಂಗಡಿಯೂ ಇಲ್ಲಿನದೇ. ಕಳ್ಳಿಯ ಮೇಲೆ ಮಂಗರವಳ್ಳಿ ಹಬ್ಬುತ್ತದೆ.

ಈ ಕುರುಚಲಿಗೆ ದೊಡ್ಡ ಚರಿತ್ರೆಯೇ ಇದೆ. 1963-65ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆಯ ಗುಡ್ಡಗಳಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ವಸತಿಗಳನ್ನು ಬೆಳಕಿಗೆ ತಂದರು. ಮುಂದೆ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿಗೆ ಹಾಕಿ, ತೇಲಿಬಂದ ಕರಕಲು ಕಾಳುಗಳನ್ನು ಹೆಕ್ಕಿದರು. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ! ಸುಮಾರು 4000 ವರ್ಷಗಳ ಹಿಂದಿನ ಊಟ ಅದು. ಈ ಧಾನ್ಯಗಳನ್ನು ದಕ್ಷಿಣ ಭಾರತದ ಜನರೇ ಕಾಡಿನಿಂದ ತಂದು ಹೊಲಕ್ಕೆ ಹಾಕಿಕೊಂಡರೆಂಬುದು 2004ರಲ್ಲಿ ಅವರು ಮಂಡಿಸಿದ ವಿಚಾರ. ಕಾಡುಹುರುಳಿ ದಖ್ಖನ್ನಿನ ಇಂಥ ಒಣ ಕುರುಚಲಿನ ಗಿಡ. ಬರ ತಡೆಯುವ ಹೊಸ ತಳಿ ಬೇಕೆಂದಾಗ ವಿಜ್ಞಾನಿಗಳು ಹುಡುಕಿಕೊಂಡು ಬರುವುದು ಇಂಥ ಕಾಡುನೆಂಟರನ್ನೇ.

ಕ್ವಾರಿಯಲ್ಲಿ ಮೊದಲು ಹೋಗುವುದು ಮೇಲಿನ ಮಣ್ಣು, ಅದರೊಂದಿಗೆ ಬೀಜ. ಆಮೇಲೆ ಸಿಡಿಮದ್ದು. ಕ್ರಷರ್ ದೂಳು ಸುತ್ತಲಿನ ಎಲೆಗಳ ಮೇಲೆ ಕೂತು ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಲ್ಲು ಗಣಿಗಾರಿಕೆಯಿಂದ ನವಶಿಲಾಯುಗದ ಕುರುಹುಗಳು ಹಾಳಾದಾಗ ಪುರಾತತ್ವಜ್ಞರು ದನಿಯೆತ್ತಿದರು. ಗೀರುಚಿತ್ರಗಳನ್ನೂ ಬಡಿದರೆ ನಾದ ಹೊಮ್ಮಿಸುವ ಬಂಡೆಗಳನ್ನೂ ಕಂಡು ಕೆಲವರಾದರೂ ಮರುಗಿದರು. ಕಾರೆ ಕವಳೆಗೆ ಅಷ್ಟೂ ಭಾಗ್ಯವಿಲ್ಲ.

ಬಿಟ್ಟುಹೋದ ಕ್ವಾರಿಯಲ್ಲಿ ಹಸಿರು ಮತ್ತೆ ಬರುವುದಿಲ್ಲವೆ? ಬರುತ್ತದೆ, ಆದರೆ ಅದು ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡಕ್ಕೆ ಕನ್ನಡಿಗರು ಇಟ್ಟ ಹೆಸರು ಬಳ್ಳಾರಿ ಜಾಲಿ! ಅದರ ಸಿಹಿಕಾಯಿಯನ್ನು ಆಡು ದನಗಳು ತಿಂದು, ಹೋದಲ್ಲೆಲ್ಲ ಸಗಣಿ ಹಿಕ್ಕೆಯಲ್ಲಿ ಬೀಜ ಚೆಲ್ಲುತ್ತವೆ. ಕಾಡುಹುರುಳಿಗೆ ಆ ಸವಾರಿ ಇಲ್ಲ. ಕಾಯಿ ಒಣಗಿ ಸಿಡಿದರೆ ಬೀಜ ಬೀಳುವುದು ನಾಲ್ಕಾರು ಅಡಿ ಆಚೆಗೆ. ಪಕ್ಕದ ಗುಡ್ಡ ಇರುವುದು ಭತ್ತದ ಗದ್ದೆಗಳನ್ನೆಲ್ಲ ದಾಟಿದ ಮೇಲೆ.