ಜೀಪಿಗೆ ಬಣ್ಣ: ಮನೆಯಲ್ಲೋ, ಪೇಂಟರ್ ಬಳಿಯೋ?

ಕೂಲಿ ಉಳಿಸುವ ಆಸೆಯಿಂದ ಆಷಾಢದಲ್ಲಿ ನಾವೇ ಬೈಲಕುಪ್ಪೆಯ ನಮ್ಮ ಗೋದಾಮಿನಲ್ಲಿ ಹಳೆಯ ಜೀಪಿಗೆ ಬಣ್ಣ ಹೊಡೆದೆವು. ಜಡಿಮಳೆಯ ಕಾಲ, ಆರುವಷ್ಟರಲ್ಲಿ ಬಾನೆಟ್ ಬೂದಿ ಬಳಿದಂತೆ ಬಿಳುಚಿತು. ಥಿನ್ನರ್ ಬೇಗ ಹಾರಿಹೋಗುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ. ಎಲ್ಲವನ್ನೂ ಉಜ್ಜಿ ತೆಗೆಸಿ ಪೇಂಟರಿಗೆ ಒಪ್ಪಿಸಿದೆವು; ಖರ್ಚು ಎರಡು ಬಾರಿ ಬಿತ್ತು.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ತುಕ್ಕು ಕೆರೆದು, ಎಮರಿ ಕಾಗದದಿಂದ ಉಜ್ಜಿ, ಪೇಂಟರ್ ಹೇಳಿದ ಪ್ರೈಮರ್ ಹಚ್ಚುವ ಕೆಲಸ ಮನೆಯಲ್ಲೇ ಆಗಲಿ. ಕೂಲಿ ಉಳಿಯುವುದು ಅಲ್ಲಿಯೇ. ಕೊಯ್ಲು ಮುಗಿದು ಹವೆ ಒಣಗಿರುವ ಶಿವರಾತ್ರಿಯ ಸುಮಾರಿಗೆ ಕೊನೆಯ ಬಣ್ಣವನ್ನು ಅವರಿಗೇ ಬಿಡಿ. ಹಾರ್ಡನರ್ ಬೆರೆಸುವ ಬಣ್ಣದಲ್ಲಿನ ಐಸೊಸಯನೇಟ್ ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಟವಲ್ ಅದನ್ನು ತಡೆಯದು. ಬಣ್ಣವನ್ನೇ ಬದಲಿಸುವುದಾದರೆ ಹುಣಸೂರಿನ ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ನಮೂದಿಸಲು ಮರೆಯಬೇಡಿ.