ದಿನನಿತ್ಯದ ಕಿರಿಕಿರಿ ಮತ್ತು ತಡೆದ ವೇಗಗಳು

ಚಿಕಿತ್ಸಾಲಯಕ್ಕೆ ಬರುವವರು ಕಿರಿಕಿರಿಯನ್ನು ರೋಗವೆಂದು ಹೇಳಿಕೊಳ್ಳುವುದು ಅಪರೂಪ. ಮೊಣಕಾಲು ನೋವು, ಎದೆಯುರಿ, ಮಲಬದ್ಧತೆ ಎಂದು ಬರುತ್ತಾರೆ. ಔಷಧಿ ಬರೆಸಿಕೊಂಡು ಏಳುವ ಹೊತ್ತಿಗೆ, “ಸಾಹೇಬ್ರ, ಈಗೀಗ ಸಣ್ಣ ಮಾತಿಗೂ ತಲಿ ಕೆಡ್ತೈತ್ರಿ” ಎಂದು ಒಂದು ಮಾತು ಸೇರಿಸುತ್ತಾರೆ. ಜೊತೆಗೆ ಬಂದ ಮನೆಯವರು ಸುಮ್ಮನೆ ತಲೆಯಾಡಿಸುತ್ತಾರೆ. ಆ ಕೊನೆಯ ಮಾತು ಬಂದಾಗ ಅವರನ್ನು ಮತ್ತೆ ಕೂಡಿಸಿಕೊಂಡು ವಿಚಾರಿಸುವುದು ನಮ್ಮ ರೂಢಿ.

ಕಾರಣ ಕೇಳಿದರೆ ಪಟ್ಟಿ ಉದ್ದವಾಗಿಯೇ ಇರುತ್ತದೆ. ಹಂಗಾಮಿನಲ್ಲಿ ಡೆಕ್ ಹಚ್ಚಿಕೊಂಡು ಸಾಲಾಗಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು, ಊಟಕ್ಕೆ ಕುಳಿತಾಗಲೇ ಬರುವ ಸಾಲ ಬೇಕೇ ಎಂಬ ಫೋನು, ಎಷ್ಟು ಕಾದರೂ ಬಾರದ ಒಟಿಪಿ, ಸರದಿ ಮುರಿದು ನುಗ್ಗುವವರು, ಮೂರು ಸಲ ಕರೆದರೂ ಮೊಬೈಲಿನಿಂದ ತಲೆ ಎತ್ತದ ಮಗ. ಇವು ಯಾವುವೂ ಸುಳ್ಳಲ್ಲ. ಆದರೆ ಅದೇ ಟ್ರ್ಯಾಕ್ಟರಿನ ಹಾಡು ಒಂದು ದಿನ ಕಿವಿಗೆ ಬೀಳದಂತೆ ದಾಟಿ ಹೋಗುತ್ತದೆ, ಇನ್ನೊಂದು ದಿನ ನೆತ್ತಿಗೇರುತ್ತದೆ. ಆ ಎರಡು ದಿನಗಳಲ್ಲಿ ಕೇಳಿದವರ ದೇಹಸ್ಥಿತಿ ಹೇಗಿತ್ತು ಎಂಬುದನ್ನು ಅರಸುವುದು ವೈದ್ಯನ ಕೆಲಸ.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಈ ವಿಚಾರಕ್ಕೆ ಬಹಳ ಉಪಯುಕ್ತವಾದುದು. ಅಲ್ಲಿ ದೇಹದ 13 ವೇಗಗಳನ್ನು, ಎಂದರೆ ಸಹಜ ಒತ್ತಡಗಳನ್ನು, ಹೇಳಿ ಅವನ್ನು ತಡೆಯಬಾರದೆಂದು ವಿಧಿಸಲಾಗಿದೆ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ನೀರಡಿಕೆ, ಕಣ್ಣೀರು, ನಿದ್ರೆ, ಶ್ರಮದಿಂದ ಬರುವ ಏದುಸಿರು ಇವೇ ಆ ವೇಗಗಳು. ಅದರ ಬೆನ್ನಿಗೇ ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಇದೆ. ಲೋಭ, ಶೋಕ, ಭಯ, ಕ್ರೋಧ, ಮತ್ಸರ ಮೊದಲಾದ ಮನಸ್ಸಿನ ವೇಗಗಳು ಅದರಲ್ಲಿ ಬರುತ್ತವೆ. ಮಾತಿನ ವೇಗಗಳನ್ನಂತೂ ಪ್ರತ್ಯೇಕವಾಗಿ ಎಣಿಸಲಾಗಿದೆ: ಕಠೋರವಾದ ಮಾತು, ಅತಿಯಾದ ಮಾತು, ಚಾಡಿಯ ಮಾತು, ಸುಳ್ಳು ಮಾತು, ಹೊತ್ತಲ್ಲದ ಹೊತ್ತಿನಲ್ಲಿ ಆಡುವ ಮಾತು. ವಾಟ್ಸಾಪ್ ಇಲ್ಲದ ಕಾಲದ ಋಷಿಗಳಿಗೆ ಇದೆಲ್ಲ ಹೇಗೆ ತಿಳಿದಿತ್ತೋ!

ಇಂದಿನ ಬದುಕಿನಲ್ಲಿ ಈ ಎರಡು ಪಟ್ಟಿಗಳು ಅದಲುಬದಲಾಗಿವೆ ಎಂಬುದು ನಮ್ಮ ಅಭಿಪ್ರಾಯ. ಹಸಿವು, ನೀರಡಿಕೆ, ಮೂತ್ರ, ನಿದ್ರೆಗಳನ್ನು ಹಗಲೆಲ್ಲ ತಡೆಯುತ್ತೇವೆ; ಸಿಟ್ಟನ್ನೂ ಬಿರುಸಿನ ಮಾತನ್ನೂ ಬಿಟ್ಟುಬಿಡುತ್ತೇವೆ. ಮೊದಲಿನದು ಎರಡನೆಯದಕ್ಕೆ ಕಾರಣ ಎಂಬುದು ಮಾತ್ರ ಹೊಳೆಯುವುದಿಲ್ಲ.

ನಮ್ಮ ಭಾಗದ ಹೆಣ್ಣುಮಕ್ಕಳನ್ನೇ ನೋಡಿರಿ. ಹಳ್ಳಿಯಿಂದ ಜಮಖಂಡಿಗೋ ಮುಧೋಳಕ್ಕೋ ಕೆಲಸಕ್ಕೆ, ಸಂತೆಗೆ, ಕಚೇರಿಗೆ ಬರುವ ತಾಯಂದಿರು ಮುಂಜಾನೆ ಮನೆ ಬಿಡುವಾಗಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಹೊರಗೆ ಶುಚಿಯಾದ ಶೌಚಾಲಯ ಸಿಗುವುದೆಂಬ ಭರವಸೆ ಅವರಿಗಿಲ್ಲ. ಏಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ನೀರನ್ನೂ ಮೂತ್ರವನ್ನೂ ತಡೆದು ಸಂಜೆ ಮನೆ ಸೇರುತ್ತಾರೆ. ಮೂತ್ರವೇಗವನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಉರಿಮೂತ್ರ, ತಲೆನೋವು ಬರುತ್ತವೆಂದೂ ನೀರಡಿಕೆಯನ್ನು ತಡೆದರೆ ಬಾಯಿ ಒಣಗುವಿಕೆ, ಬಳಲಿಕೆ, ಎದೆಯ ನೋವು ಬರುತ್ತವೆಂದೂ ಚರಕರು ಹೇಳುತ್ತಾರೆ. ದೇಹದ ತೂಕದ ನೂರರಲ್ಲಿ ಒಂದೆರಡು ಪಾಲು ನೀರು ಕಡಿಮೆಯಾದರೂ ಏಕಾಗ್ರತೆಯೂ ಮನಃಸ್ಥಿತಿಯೂ ಕೆಡುತ್ತವೆಂದು ಆಧುನಿಕ ವಿಜ್ಞಾನವೂ ಒಪ್ಪುತ್ತದೆ. ಇಂಥ ದೇಹದಿಂದ ಹೊಸ್ತಿಲು ದಾಟಿದ ತಾಯಿಗೆ ಮಗು ಹಾಲು ಚೆಲ್ಲಿದ್ದೇ ದೊಡ್ಡ ಅಪರಾಧವಾಗಿ ಕಾಣುತ್ತದೆ. ಪೆಟ್ಟು ಬೀಳುವುದು ಮಗುವಿಗೆ. ಮನೆಗೆ ಬಂದ ಕೂಡಲೇ ಶೌಚಕ್ಕೆ ಹೋಗಿ, ಕೈಕಾಲು ಮುಖ ತೊಳೆದು, ಎರಡು ಲೋಟ ನೀರೋ ಮಜ್ಜಿಗೆಯೋ ಕುಡಿದು, ಹತ್ತು ನಿಮಿಷ ಯಾರೊಡನೆಯೂ ಮಾತಾಡದೆ ಕುಳಿತುಕೊಳ್ಳಿರಿ ಎಂದು ನಾವು ಹೇಳುತ್ತೇವೆ. ಆ ಹತ್ತು ನಿಮಿಷ ಆಕೆಗೆ ಬಿಡುವು ಕೊಡುವುದು ಮನೆಯವರ ಕೆಲಸ. ಅತ್ತೆಯವರೂ ಯಜಮಾನರೂ ಇದನ್ನು ಓದಬೇಕೆಂದೇ ಬರೆಯುತ್ತಿದ್ದೇವೆ.

ಗಂಡಸರದು ಹೆಚ್ಚಾಗಿ ಹಸಿವಿನ ಮತ್ತು ಚಹಾದ ಕಥೆ. ಅಂಗಡಿಕಾರರೂ ಮಗ್ಗದವರೂ ಮುಂಜಾನೆಯ ರೊಟ್ಟಿಯನ್ನು ಮಧ್ಯಾಹ್ನ ಮೂರರವರೆಗೆ ತಳ್ಳಿ, ನಡುವೆ ನಾಲ್ಕೈದು ಸಲ ಅರ್ಧ ಕಪ್ ಚಹಾ ಕುಡಿಯುತ್ತಾರೆ. ಚಹಾ ಹಸಿವನ್ನು ಮರೆಸುತ್ತದೆಯೇ ಹೊರತು ತೀರಿಸುವುದಿಲ್ಲ. ಒಳಗಿನ ಪಿತ್ತ ಖಾಲಿ ಹೊಟ್ಟೆಯಲ್ಲೇ ಉರಿಯುತ್ತಿರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದು ಅಪಾಯಕ್ಕೂ ತಿರುಗೀತು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಬೆವರು, ನಡುಕಗಳೊಡನೆ ಕಾರಣವಿಲ್ಲದ ಸಿಡುಕೂ ಕಾಣಿಸಿಕೊಳ್ಳುತ್ತದೆ. ಊಟ ತಡವಾದಾಗ ಹೀಗೆ ಸಿಡುಕಿದವರೊಡನೆ ವಾದಿಸದೆ ಮೊದಲು ಒಂದು ಲೋಟ ಬೆಲ್ಲದ ಅಥವಾ ಸಕ್ಕರೆಯ ನೀರು ಕೊಡಬೇಕು, ಆಮೇಲೆ ಊಟ. ಬಳಿಕ ವೈದ್ಯರಿಗೆ ತಿಳಿಸಬೇಕು. ಉಳಿದವರಿಗೆ ಹಸಿವು ತಡೆದ ತೊಂದರೆಗೆ ಶಾಸ್ತ್ರ ಹೇಳುವ ಪರಿಹಾರ ಸರಳವಾಗಿದೆ: ಜಿಡ್ಡಿನಂಶವಿರುವ, ಬಿಸಿಯಾದ, ಹಗುರವಾದ ಊಟ. ಜೋಳದ ನುಚ್ಚಿಗೆ ಮಜ್ಜಿಗೆ, ಬಿಸಿ ರೊಟ್ಟಿಗೆ ಚಮಚ ತುಪ್ಪ ಸಾಕು. ಹಸಿದ ಹೊಟ್ಟೆಗೆ ಮಿರ್ಚಿ ಭಜಿಯೂ ಕೆಂಪು ಖಾರವೂ ಬೇಡ.

ರಬಕವಿ ಬನಹಟ್ಟಿಯ ಮಾತು ಬೇರೆ. ಅಲ್ಲಿ ಓಣಿ ಓಣಿಗೆ ವಿದ್ಯುತ್ ಮಗ್ಗಗಳ ಸದ್ದಿದೆ. ಸಾಲು ಮಗ್ಗಗಳು ಓಡುವ ಕೋಣೆಯಲ್ಲಿ ಶಬ್ದ 90 ಡೆಸಿಬಲ್ ದಾಟುವುದು ಸಾಮಾನ್ಯ. ಕಾರ್ಖಾನೆಗಳಲ್ಲಿ 8 ಗಂಟೆಯ ಪಾಳಿಗೆ ನಮ್ಮ ದೇಶದಲ್ಲಿರುವ ಮಿತಿಯೇ 90. ಹತ್ತಾರು ವರ್ಷ ಹೀಗೆ ದುಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಆಗ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಹೆಂಗಸರ ಮತ್ತು ಮಕ್ಕಳ ಮಾತಂತೂ ಇನ್ನೂ ಅಸ್ಪಷ್ಟ. ಸೊಸೆ ಬೇಕೆಂದೇ ಬಾಯೊಳಗೆ ಗೊಣಗುತ್ತಾಳೆಂದು ಮಾವ ತಿಳಿಯುತ್ತಾರೆ, ಮಾವ ಸುಮ್ಮಸುಮ್ಮನೆ ಚೀರುತ್ತಾರೆಂದು ಸೊಸೆ ತಿಳಿಯುತ್ತಾಳೆ. ಇಂಥ ಜಗಳವನ್ನು ಹಿರಿಯರ ಮುಂದೆ ಪಂಚಾಯಿತಿಗೆ ತಂದವರನ್ನೂ ನಾವು ಕಂಡಿದ್ದೇವೆ. ಅವರಿಗೆ ಬೇಕಾದದ್ದು ಕಿವಿಯ ತಜ್ಞರಲ್ಲಿ ಶ್ರವಣ ಪರೀಕ್ಷೆ. ಹೀಗೆ ಹೋದ ಶ್ರವಣಶಕ್ತಿ ಮರಳುವುದಿಲ್ಲ, ಆದ್ದರಿಂದ ಎಳೆಯ ನೇಕಾರರು ಇಂದಿನಿಂದಲೇ ಕಿವಿಗೆ ರಬ್ಬರಿನ ಅಥವಾ ಫೋಮಿನ ಬಿರಡೆ ಹಾಕಿಕೊಳ್ಳಲಿ. ಹತ್ತಿ ತುರುಕಿಕೊಂಡರೆ ಸಾಲದು.

ಶಬ್ದದ ಮಾತು ಬಂದುದರಿಂದ ಇನ್ನೊಂದು ವಿಷಯ. ಎಲ್ಲ ಕಿರಿಕಿರಿಯನ್ನೂ ಸಹಿಸಬೇಕೆಂದು ನಾವು ಹೇಳುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಹಬ್ಬದ ದಿನಗಳಿಗೆ ಸರ್ಕಾರ ಕೊಡುವ ಸಡಿಲಿಕೆಯೂ ನಡುರಾತ್ರಿಗೆ ಮುಗಿಯುತ್ತದೆ. ಮದುವೆಯ ಮೆರವಣಿಗೆಗೂ ನಮ್ಮ ಜಾತ್ರೆ, ಪುರಾಣ, ಪ್ರವಚನಗಳಿಗೂ ಇದು ಒಂದೇ. ಶರಣರ ಮಾತು ಕೇಳಿಸಲು ನೆರೆಮನೆಯ ರೋಗಿಯ ನಿದ್ರೆ ಕೆಡಿಸಬೇಕಾಗಿಲ್ಲ.

ನಿದ್ರೆಯ ವಿಷಯದಲ್ಲಿ ರೈತರ ಕಷ್ಟ ದೊಡ್ಡದು. ತ್ರೀಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬಂದರೆ ಕಬ್ಬಿಗೆ ನೀರು ಹಾಯಿಸಲು ಅದೇ ಹೊತ್ತಿಗೆ ಏಳಬೇಕು; ಮಲಗಿರಿ ಎಂದು ಹೇಳುವುದು ಸುಲಭ. ಅಂಥವರಿಗೆ ರಾತ್ರಿ ಜಾಗರಣೆಯ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಲು ಆಯುರ್ವೇದದಲ್ಲಿ ಅನುಮತಿಯಿದೆ. ನಿದ್ರೆ ತಡೆದವರಿಗೆ ಚರಕರು ಹೇಳಿದ ಚಿಕಿತ್ಸೆ ನಿದ್ರೆ ಮತ್ತು ಸಂವಾಹನ, ಎಂದರೆ ಕೈಕಾಲು ಮೆಲ್ಲಗೆ ಒತ್ತುವುದು. ಮಲಗುವ ಮೊದಲು ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿದರೂ ಹಿತ. ಚಹಾದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಸಂಜೆ ನಾಲ್ಕರ ನಂತರ ಚಹಾ ಬಿಡುವುದು ಒಳ್ಳೆಯದು. ಆದರೆ ಯಾವ ಪಂಪಿನ ಕೆಲಸವೂ ಇಲ್ಲದೆ, ಹಾಸಿಗೆಯಲ್ಲಿ ಮೊಬೈಲು ತಿಕ್ಕುತ್ತ ಒಂದು ಗಂಟೆಯವರೆಗೆ ಎಚ್ಚರವಿರುವವರಿಗೆ ನಮ್ಮ ಬಳಿ ಯಾವ ರಿಯಾಯಿತಿಯೂ ಇಲ್ಲ.

ಬೇಸಿಗೆಯಲ್ಲಿ ಪಿತ್ತಪ್ರಕೃತಿಯವರಿಗೆ ಕೊತ್ತಂಬರಿ ಬೀಜದ ಹಿಮ ಅನುಕೂಲ. ಎರಡು ಚಮಚ ಬೀಜವನ್ನು ತರಿಯಾಗಿ ಕುಟ್ಟಿ, ಅದರ ಆರು ಪಟ್ಟು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಮುಂಜಾನೆ ಸೋಸಿ ಕುಡಿಯಬೇಕು. ಸಿಟ್ಟು ಏರುವ ಕ್ಷಣಕ್ಕೆ ಮಾತ್ರ ಕಷಾಯ ಕುದಿಸುತ್ತ ಕೂರಲಾಗದು. ಉಸಿರನ್ನು ಒಳಗೆಳೆದದ್ದಕ್ಕಿಂತ ಇಮ್ಮಡಿ ನಿಧಾನವಾಗಿ ಹತ್ತು ಸಲ ಹೊರಬಿಡಿರಿ. ಇಷ್ಟಲಿಂಗ ಪೂಜೆಗೆ ಕುಳಿತಾಗ ಉಸಿರು ತಾನಾಗಿ ಹಾಗೆ ನಿಧಾನವಾಗುವುದನ್ನು ಭಕ್ತರು ಬಲ್ಲರು.

ಊಟ, ನೀರು, ನಿದ್ರೆ ಸರಿಯಿದ್ದೂ ಎರಡು ವಾರಕ್ಕೂ ಹೆಚ್ಚು ಕಾಲ ಸಿಡುಕು ಉಳಿದರೆ ತಪಾಸಣೆ ಮಾಡಿಸಿರಿ. ಥೈರಾಯ್ಡ್ ಹೆಚ್ಚಳ, ರಕ್ತಹೀನತೆ, ಮುಟ್ಟು ನಿಲ್ಲುವ ಕಾಲದ ಏರುಪೇರು, ಖಿನ್ನತೆ ಇವು ಹಲವೊಮ್ಮೆ ಸಿಟ್ಟಿನ ರೂಪದಲ್ಲೇ ಮೊದಲು ತೋರಿಕೊಳ್ಳುತ್ತವೆ. ಬದುಕೇ ಬೇಡವೆನ್ನುವ ಮಾತು ಬಂದರೆ ಎರಡು ವಾರ ಕಾಯದೆ ಆ ದಿನವೇ ಮಾನಸಿಕ ತಜ್ಞರ ಬಳಿಗೆ ಕರೆದೊಯ್ಯಬೇಕು. ಮನಸ್ಸು ಶಾಂತವಾಗಲೆಂದು ಅಶ್ವಗಂಧದ ಚೂರ್ಣವನ್ನು ಅಂಗಡಿಯಿಂದ ತಾವೇ ತಂದು ತಿನ್ನುವವರು ಈಗ ಹೆಚ್ಚಾಗಿದ್ದಾರೆ. ಅದು ಥೈರಾಯ್ಡ್ ರಸವನ್ನು ಏರಿಸಬಲ್ಲದು. ಥೈರಾಯ್ಡಿನ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಕೂಡದು.